ಪುರಾವೆ ಕೇಳಿದರೆ ಪ್ರತಿಯನ್ನೇಕೆ ಕೊಡಬೇಕು?

ಸಂಪಾದಕರಿಗೆ,

ಮಾನ್ಯರೇ,

ಗುಟ್ಟನ್ನು ಬಿಟ್ಟುಕೊಡದೆಯೇ ಗುಟ್ಟು ತನಗೆ ಗೊತ್ತಿದೆಯೆಂದು ಸಾಬೀತು ಮಾಡುವ, ‘ಶೂನ್ಯಜ್ಞಾನ ಪುರಾವೆ’ ಎಂಬ ಗೂಢಲಿಪಿಶಾಸ್ತ್ರದ (ಕ್ರಿಪ್ಟೋಗ್ರಫಿಯ) ವಿಧಾನವನ್ನು ಕುರಿತು ತಮ್ಮ ಪತ್ರಿಕೆಯಲ್ಲಿ ಈಚೆಗೆ ಬಂದ ಲೇಖನವನ್ನೂ, ಅದಕ್ಕೆ ಓದುಗರೊಬ್ಬರು ಬರೆದ ಪ್ರತಿಕ್ರಿಯೆಯನ್ನೂ ಓದಿದೆ. ‘ಇದು ಕಣಿ ಹೇಳುವವರ ಮಾತಿನಂತಿದೆ, ಕೀಲಿಕೈ ತೋರಿಸದೆ ಬೀಗ ನನ್ನದೆಂದರೆ ಯಾರು ನಂಬುತ್ತಾರೆ?’ ಎಂಬುದು ಅವರ ಆಕ್ಷೇಪ. ನಾನು ಗಣಿತದಲ್ಲಿ ಪದವಿ ಪಡೆದು, ಆಮೇಲೆ ಗಣಿತವನ್ನು ಬಿಟ್ಟು ತೋಟಕ್ಕೆ ಮರಳಿದವನು. ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರಿನ ಸಮೀಪ ಕಾಫಿ ಬೆಳೆಯುತ್ತಾ, ಹಳೆಯ ಮನೆಯ ನಾಲ್ಕು ಕೋಣೆಗಳನ್ನು ಹೋಂಸ್ಟೇ ಮಾಡಿಕೊಂಡಿದ್ದೇನೆ. ಆ ಆಕ್ಷೇಪಕ್ಕೆ ಉತ್ತರ ಬರೆಯಲು ನನ್ನನ್ನು ಹಚ್ಚಿದ್ದು ಗಣಿತವಲ್ಲ, ಮನೆಯ ಒಂದು ಕಬ್ಬಿಣದ ಬೀರು.

ಆರು ವರ್ಷಗಳಿಂದ ನಮ್ಮಲ್ಲಿ ತಂಗಿದ ಅತಿಥಿಗಳ ಗುರುತಿನ ಚೀಟಿಗಳ ಝೆರಾಕ್ಸ್ ಪ್ರತಿಗಳೆಲ್ಲ ಆ ಬೀರುವಿನಲ್ಲಿವೆ. ಈ ಸಲದ ಮಳೆಗಾಲ ಕಳೆದ ಮೇಲೆ ಬಾಗಿಲು ತೆಗೆದು ನೋಡಿದರೆ ಕೆಳಗಿನ ಅರೆಯಲ್ಲಿದ್ದ ಕಟ್ಟಿಗೆ ಬೂಷ್ಟು ಹಿಡಿದಿತ್ತು, ಮೂಲೆಯಲ್ಲಿ ಇಲಿಯೊಂದು ಯಾರ ಯಾರದೋ ವಿಳಾಸಗಳನ್ನು ಚೂರು ಮಾಡಿ ಗೂಡು ಕಟ್ಟಿಕೊಂಡಿತ್ತು. ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿಟ್ಟಿದ್ದ ಪ್ರತಿಯೊಂದನ್ನು ಎಳೆದಾಗ ಕಾಗದ ಕೈಗೆ ಬಂತು, ಆದರೆ ಅದರ ಮೇಲಿನ ಕಪ್ಪು ಪುಡಿ ಥಂಡಿಗೆ ಕವರಿಗೇ ಅಂಟಿಕೊಂಡು, ಯುವತಿಯೊಬ್ಬಳ ಮುಖವೂ ಹನ್ನೆರಡು ಅಂಕಿಗಳೂ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಅಲ್ಲಿ ಉಳಿದವು. ಎರಡು ರಾತ್ರಿ ತಂಗಿ ಹೋದ ಆ ಹೆಣ್ಣುಮಗಳಿಗೆ ತನ್ನ ಮುಖ ಹೀಗೆ ನನ್ನ ಬೀರುವಿನಲ್ಲಿದೆಯೆಂಬುದು ನೆನಪಿರಲಾರದು. ನನಗೂ ನೆನಪಿರಲಿಲ್ಲ.

ಆ ದಿನ ಅವಳಿಂದ ನಾನು ತಿಳಿಯಬೇಕಾಗಿದ್ದುದಾದರೂ ಏನು? ವಯಸ್ಸಿಗೆ ಬಂದವಳೇ, ಹೇಳುತ್ತಿರುವ ಹೆಸರು ನಿಜವೇ, ನಾಳೆ ಏನಾದರೂ ಅನಾಹುತವಾದರೆ ಪೊಲೀಸರು ಅವಳನ್ನು ಪತ್ತೆ ಹಚ್ಚಬಲ್ಲರೇ, ಇಷ್ಟೇ. ಅಪ್ಪನ ಹೆಸರು, ಮನೆಯ ಅಡ್ಡರಸ್ತೆ, ಹುಟ್ಟಿದ ತಾರೀಖು ಇವು ಯಾವುವೂ ನನಗೆ ಬೇಕಿರಲಿಲ್ಲ. ಆದರೂ ನಮ್ಮಲ್ಲಿ ಪುರಾವೆ ಎಂದರೆ ಪ್ರತಿ ಎಂದೇ ಅರ್ಥವಾಗಿಬಿಟ್ಟಿದೆ. ಬಂದವರು ಕಾರಿನಿಂದ ಇಳಿದು ಬ್ಯಾಗು ಕೆಳಗಿಡುವ ಮೊದಲೇ ‘ಝೆರಾಕ್ಸ್ ಇದೆಯಾ ಸರ್?’ ಎಂದು ಕೇಳುವವರಲ್ಲಿ ನಾನೂ ಒಬ್ಬ. ಪತ್ರ ಬರೆದ ಓದುಗರು ಹೇಳುವುದೂ ಒಂದು ಅರ್ಥದಲ್ಲಿ ಇದನ್ನೇ. ಬೀಗ ನಿಮ್ಮದೆಂದು ನಂಬಿಸಲು ಕೀಲಿಕೈಯನ್ನು ನನ್ನ ಕೈಗಿಡಿ ಎನ್ನುತ್ತಾರೆ. ನನ್ನ ಕಣ್ಣೆದುರಿಗೆ ಬೀಗ ತೆಗೆದು ತೋರಿಸಿದರೆ ಸಾಲದೇ?

ಇದನ್ನು ಮನೆಯಲ್ಲೇ ಪರೀಕ್ಷಿಸಿ ನೋಡಿದ ಪ್ರಸಂಗವನ್ನು ಹೇಳುತ್ತೇನೆ. 2021ರಲ್ಲಿ ಕೋವಿಡ್ ಬಂದು ಹೋದ ಮೇಲೆ ನನಗೆ ವಾಸನೆ ಸರಿಯಾಗಿ ತಿಳಿಯುವುದಿಲ್ಲ. ಕಾಫಿ ಬೆಳೆಗಾರನಿಗೆ ಇದು ಸಣ್ಣ ಕೊರತೆಯಲ್ಲ, ಆದರೆ ಈ ಪತ್ರಕ್ಕೆ ಅದರಿಂದಲೇ ಉಪಕಾರವಾಗಿದೆ. ಮನೆಯಲ್ಲಿ ಎರಡು ಬಗೆಯ ಪುಡಿ ಇರುತ್ತದೆ: ನಮ್ಮದೇ ತೋಟದ ಅಪ್ಪಟ ಪುಡಿ ಒಂದು, ಚಿಕೋರಿ ಬೆರೆಸಿದ ಪುಡಿ ಇನ್ನೊಂದು. ಎರಡೂ ನನ್ನ ಮೂಗಿಗೆ ಒಂದೇ, ಎರಡಕ್ಕೂ ವ್ಯತ್ಯಾಸವೇ ಇಲ್ಲವೆಂದು ನಾನು ವಾದಿಸಿದೆ. ನನ್ನಾಕೆ ಒಪ್ಪಲಿಲ್ಲ. ‘ನಿಮಗೆ ಮೂಗಿಲ್ಲ ಅಂತ ಲೋಕಕ್ಕೇ ಮೂಗಿಲ್ವೇನ್ರೀ?’ ಎಂದಳು.

ಪರೀಕ್ಷೆ ಹೀಗೆ. ಒಂದು ಡಬ್ಬಿಯನ್ನು ಅವಳ ಮೂಗಿನ ಮುಂದೆ ಹಿಡಿದು, ನಂತರ ಎರಡನ್ನೂ ಬೆನ್ನ ಹಿಂದಕ್ಕೆ ಒಯ್ದು, ಅವಳಿಗೆ ಕಾಣದಂತೆ ಒಂದು ರೂಪಾಯಿಯ ನಾಣ್ಯ ಚಿಮ್ಮುತ್ತೇನೆ. ತಲೆ ಬಿದ್ದರೆ ಅದೇ ಡಬ್ಬಿ, ಹೂ ಬಿದ್ದರೆ ಇನ್ನೊಂದು ಡಬ್ಬಿ ಮತ್ತೆ ಅವಳ ಮುಂದೆ ಬರುತ್ತದೆ. ‘ಅದೇನಾ, ಬೇರೆಯಾ?’ ಎಂಬುದಷ್ಟೇ ಪ್ರಶ್ನೆ. ಎರಡಕ್ಕೂ ವ್ಯತ್ಯಾಸವೇ ಇಲ್ಲದಿದ್ದರೆ ಅವಳು ಊಹಿಸಬೇಕಷ್ಟೇ, ಊಹೆ ಅರ್ಧದಷ್ಟು ಸಲ ತಪ್ಪಲೇಬೇಕು. ಮೊದಲ ಸುತ್ತಿನಲ್ಲಿ ಅವಳು ಒಂದೂ ತಪ್ಪಲಿಲ್ಲ, ಆದರೆ ಒಂದು ಡಬ್ಬಿಯ ಅಂಚಿನಲ್ಲಿ ಸಣ್ಣ ನೆಗ್ಗು ಇರುವುದು ಆಮೇಲೆ ನನ್ನ ಕಣ್ಣಿಗೆ ಬಿತ್ತು. ಅವಳು ಮೂಗಿನಿಂದ ಗುರುತಿಸಿದಳೋ ಕಣ್ಣಿನಿಂದ ಗುರುತಿಸಿದಳೋ ಹೇಳುವಂತಿರಲಿಲ್ಲ. ಒಂದೇ ಅಚ್ಚಿನ ಎರಡು ಹೊಸ ಬಾಟಲಿಗಳಿಗೆ ಪುಡಿ ಸುರಿದು ಮತ್ತೆ ಮೊದಲಿನಿಂದ ಶುರು ಮಾಡಿದೆವು. ಇಪ್ಪತ್ತು ಸಲ ಕೇಳಿದೆ, ಇಪ್ಪತ್ತೂ ಸರಿಯಾದವು. ಬರೀ ಊಹೆಯಿಂದ ಹತ್ತು ಸಲ ಸರಿಯಾಗುವ ಸಂಭವ 1,024ರಲ್ಲಿ ಒಂದು, ಇಪ್ಪತ್ತು ಸಲವೂ ಸರಿಯಾಗುವ ಸಂಭವ 10,48,576ರಲ್ಲಿ ಒಂದು. ವ್ಯತ್ಯಾಸವಿದೆ, ಅದು ಅವಳಿಗೆ ಗೊತ್ತು ಎಂಬುದನ್ನು ನಾನು ಒಪ್ಪಲೇಬೇಕಾಯಿತು.

ಇಷ್ಟಾದರೂ ಎರಡರಲ್ಲಿ ಚಿಕೋರಿ ಬೆರೆತ ಬಾಟಲಿ ಯಾವುದೆಂದು ನನಗೆ ತಿಳಿಯಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಅವಳು ಹೇಳಿದ್ದು ‘ಅದೇ’, ‘ಬೇರೆ’ ಎಂಬ ಎರಡೇ ಮಾತು, ಆ ಎರಡರ ಸರಿಯುತ್ತರವೂ ನಾಣ್ಯ ಚಿಮ್ಮಿದ ನನಗೆ ಮೊದಲೇ ಗೊತ್ತಿತ್ತು. ನನಗೆ ಆಗಲೇ ಗೊತ್ತಿದ್ದುದನ್ನೇ ಅವಳು ಇಪ್ಪತ್ತು ಸಲ ನನಗೆ ಹೇಳಿದಳು. ಇಡೀ ವಿದ್ಯೆಯ ಜೀವಾಳ ಇಲ್ಲಿದೆಯೆಂದು ನನ್ನ ಎಣಿಕೆ, ಆದ್ದರಿಂದ ಇನ್ನೂ ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ.

ಬೆಂಗಳೂರಿನಲ್ಲಿರುವ ಮಗನಿಗೆ ಇದನ್ನು ನಂಬಿಸಲು ಇಡೀ ಆಟವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಕಳಿಸಿದೆನೆಂದು ಭಾವಿಸಿ. ಅವನು ನಂಬಬೇಕಾಗಿಲ್ಲ. ಗಂಡ ಹೆಂಡತಿ ಇಬ್ಬರೂ ಮೊದಲೇ ಮಾತಾಡಿಕೊಂಡು, ಯಾವ ಸಲ ‘ಅದೇ’, ಯಾವ ಸಲ ‘ಬೇರೆ’ ಎಂದು ಬರೆದಿಟ್ಟುಕೊಂಡು ನಟಿಸಿದ್ದರೂ ಆ ಚಿತ್ರ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹಾಗೆಯೇ ಬರುತ್ತಿತ್ತು. ನಾನು ನಂಬಿದ್ದು ನಾಣ್ಯವನ್ನು ನಾನೇ ಚಿಮ್ಮಿದ್ದರಿಂದ, ಅದು ಹೇಗೆ ಬಿತ್ತೆಂಬುದು ಅವಳಿಗೆ ತಿಳಿದಿರಲಿಲ್ಲವಾದ್ದರಿಂದ. ಮೂಗೇ ಇಲ್ಲದವರು ಕೂತು ಕೃತಕವಾಗಿ ಸೃಷ್ಟಿಸಬಹುದಾದ ದಾಖಲೆಯಲ್ಲಿ ಮೂಗಿನ ಗುಟ್ಟು ಅಡಗಿರಲು ಸಾಧ್ಯವಿಲ್ಲವಲ್ಲ! ಶಾಫಿ ಗೋಲ್ಡ್‌ವಾಸರ್, ಸಿಲ್ವಿಯೋ ಮಿಕಾಲಿ ಮತ್ತು ಚಾರ್ಲ್ಸ್ ರಾಕಾಫ್ ಎಂಬ ಮೂವರು 1985ರಲ್ಲಿ ಮಂಡಿಸಿದ ಪ್ರಬಂಧದ ತಿರುಳು ಇದೇ. ಪರೀಕ್ಷಿಸುವವನು ಕಂಡದ್ದನ್ನೆಲ್ಲ ಗುಟ್ಟು ಗೊತ್ತಿಲ್ಲದವನೂ ತಾನೇ ಕೂತು ತಯಾರಿಸಬಲ್ಲನಾದರೆ, ಪರೀಕ್ಷಿಸುವವನಿಗೆ ಸಿಕ್ಕ ಹೊಸ ತಿಳಿವಳಿಕೆ ಸೊನ್ನೆ ಎಂದು ಅವರು ಅಳತೆಗೋಲು ಹಾಕಿಕೊಟ್ಟರು. ಅದಕ್ಕೇ ಈ ವಿಧಾನಕ್ಕೆ ಝೀರೋ ನಾಲೆಜ್ ಪ್ರೂಫ್ ಎಂಬ ಹೆಸರು ಬಂದಿದೆ. ಲೇಖನದಲ್ಲಿ ಬಳಸಿದ ‘ಶೂನ್ಯಜ್ಞಾನ ಪುರಾವೆ’ ಎಂಬ ಅನುವಾದ ತಪ್ಪೇನಲ್ಲ, ಯಾರನ್ನೋ ಬೈದಂತೆ ಕಿವಿಗೆ ಬೀಳುತ್ತದೆ ಅಷ್ಟೆ. ಗೋಲ್ಡ್‌ವಾಸರ್ ಮತ್ತು ಮಿಕಾಲಿ ಅವರಿಗೆ ಕಂಪ್ಯೂಟರ್ ವಿಜ್ಞಾನದ ಅತಿ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 2012ರ ಸಾಲಿಗೆ ಬಂತು. ಕಣಿ ಹೇಳುವವರಿಗೆ ಆ ಪ್ರಶಸ್ತಿ ಕೊಡುವ ವಾಡಿಕೆ ಇದ್ದಂತಿಲ್ಲ.

ಇದು ಕಂಪ್ಯೂಟರ್ ಕಾಲದ ಮೋಡಿಯೆಂಬ ಮಾತೂ ಆ ಓದುಗರ ಪತ್ರದಲ್ಲಿತ್ತು. 1535ರಲ್ಲಿ ಇಟಲಿಯ ತಾರ್ತಾಲ್ಯ ಎಂಬ ಗಣಿತಜ್ಞ ಘನ ಸಮೀಕರಣಗಳನ್ನು ಬಿಡಿಸುವ ಸೂತ್ರ ತನಗೆ ಗೊತ್ತೆಂದಾಗ ಪ್ರತಿಸ್ಪರ್ಧಿ ಫಿಯೋರ್ ನಂಬಲಿಲ್ಲ. ಇಬ್ಬರೂ ಪರಸ್ಪರ ಮೂವತ್ತು ಮೂವತ್ತು ಲೆಕ್ಕಗಳನ್ನು ಕೊಟ್ಟುಕೊಂಡರು, ತಾರ್ತಾಲ್ಯ ಮೂವತ್ತನ್ನೂ ಬಿಡಿಸಿದ. ಉತ್ತರವನ್ನು ಸಮೀಕರಣದಲ್ಲಿಟ್ಟು ಸರಿಯಿದೆಯೆಂದು ಯಾರು ಬೇಕಾದರೂ ತಾಳೆ ನೋಡಬಹುದಿತ್ತು, ಸೂತ್ರ ಮಾತ್ರ ಅವನಲ್ಲೇ ಉಳಿಯಿತು. ನಾಲ್ಕು ವರ್ಷಗಳ ಮೇಲೆ ಕಾರ್ಡಾನೋ ಎಂಬ ಇನ್ನೊಬ್ಬ ಗಣಿತಜ್ಞನ ಒತ್ತಾಯಕ್ಕೆ ಮಣಿದು, ಹೊರಗೆಡಹುವುದಿಲ್ಲವೆಂಬ ಭಾಷೆ ಪಡೆದು ಅದನ್ನು ಹೇಳಿದ, 1545ರಲ್ಲಿ ಅದು ಕಾರ್ಡಾನೋನ ಪುಸ್ತಕದಲ್ಲೇ ಅಚ್ಚಾಗಿ ಬಂತು. ತಾರ್ತಾಲ್ಯನದು ಇಂದಿನ ಅಳತೆಯಲ್ಲಿ ಪೂರ್ತಿ ಶೂನ್ಯಜ್ಞಾನವಲ್ಲ, ಉತ್ತರಗಳಾದರೂ ಎದುರಾಳಿಯ ಕೈಗೆ ಸಿಕ್ಕವು. ಆದರೂ ಗುಟ್ಟು ಸೋರಿದ್ದು ಪುರಾವೆ ಕೊಟ್ಟಾಗ ಅಲ್ಲ, ಪ್ರತಿ ಕೊಟ್ಟಾಗ.

ಡಬ್ಬಿಯ ಆಟ ಕಂಪ್ಯೂಟರಿನಲ್ಲಿ ಹೇಗೆ ನಡೆಯುತ್ತದೆಂಬುದಕ್ಕೆ ಪೆನ್ಸಿಲು ಹಿಡಿದು ಮಾಡಬಹುದಾದ ಒಂದು ಲೆಕ್ಕ ಕೊಡುತ್ತೇನೆ. ಜರ್ಮನಿಯ ಕ್ಲಾಸ್ ಶ್ನೋರ್ 1989ರಲ್ಲಿ ಪ್ರಕಟಿಸಿದ ವಿಧಾನ ಇದು. ನನ್ನ ಅತಿಥಿಯ ಗುಟ್ಟಿನ ಸಂಖ್ಯೆ 7 ಎಂದಿರಲಿ, 2 ಮತ್ತು 23 ಎಂಬ ಸಂಖ್ಯೆಗಳು ಮೊದಲೇ ಎಲ್ಲರಿಗೂ ಗೊತ್ತಿರಲಿ. ಏಳು ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ 128, ಅದನ್ನು 23ರಿಂದ ಭಾಗಿಸಿದರೆ ಶೇಷ 13. ಈ 13ನ್ನು ಅವರು ಬಹಿರಂಗವಾಗಿ ಎಲ್ಲರಿಗೂ ಕೊಟ್ಟಿರುತ್ತಾರೆ. ನಮ್ಮ ಬಾಗಿಲಿಗೆ ಬಂದಾಗ ಆ ಹೊತ್ತಿಗೆಂದೇ 5 ಎಂಬ ಇನ್ನೊಂದು ಸಂಖ್ಯೆಯನ್ನು ಮನಸ್ಸಿನಲ್ಲಿ ನೆನೆದು, ಐದು ಎರಡುಗಳ ಗುಣಲಬ್ಧ 32ನ್ನು 23ರಿಂದ ಭಾಗಿಸಿ ಉಳಿದ 9ನ್ನು ನನಗೆ ಕೊಡುತ್ತಾರೆ. ಅದನ್ನು ಪಡೆದ ಮೇಲೆ ನಾನು ನನಗೆ ತೋಚಿದ ಸಂಖ್ಯೆಯೊಂದನ್ನು, 3 ಎಂದುಕೊಳ್ಳಿ, ಪ್ರಶ್ನೆಯಾಗಿ ಮುಂದಿಡುತ್ತೇನೆ. ಅವರು ಗುಟ್ಟಿನ 7ನ್ನು 3ರಿಂದ ಗುಣಿಸಿ, ನೆನೆದ 5ನ್ನು ಕೂಡಿಸಿ, ಬಂದ 26ನ್ನು 11ರಿಂದ ಭಾಗಿಸಿ ಶೇಷ 4 ಎಂದು ಉತ್ತರ ಕೊಡುತ್ತಾರೆ. 11 ಎಲ್ಲಿಂದ ಬಂತೆಂದರೆ, ಎರಡನ್ನು ಗುಣಿಸುತ್ತಾ ಹೋಗಿ 23ರಿಂದ ಭಾಗಿಸಿದಾಗ ಸಿಗುವ ಶೇಷಗಳು ಹನ್ನೊಂದು ಹೆಜ್ಜೆಗೊಮ್ಮೆ ಮರುಕಳಿಸುತ್ತವೆ.

ಈಗ ನಾನು ತಾಳೆ ನೋಡಬೇಕು. ನಾಲ್ಕು ಎರಡುಗಳ ಗುಣಲಬ್ಧ 16. ಇನ್ನೊಂದು ಕಡೆ, ಅವರು ಕೊಟ್ಟ 9ನ್ನು ಬಹಿರಂಗದ 13ರಿಂದ ಮೂರು ಸಲ ಗುಣಿಸಿದರೆ 19,773, ಅದನ್ನು 23ರಿಂದ ಭಾಗಿಸಿದರೆ ಶೇಷ 16. ಎರಡೂ ಕೂಡಿದವು, ಅತಿಥಿ ಒಳಗೆ ಬರಬಹುದು. ನನ್ನ ಕೈಗೆ ಬಂದದ್ದು 9 ಮತ್ತು 4 ಮಾತ್ರ. 4ರಲ್ಲಿ 7 ಅಡಗಿದೆ, ನಿಜ, ಆದರೆ ನನಗೆ ಗೊತ್ತಿಲ್ಲದ 5 ಅದರ ಮೇಲೆ ಕಂಬಳಿ ಹೊದಿಸಿದೆ. ಇಷ್ಟು ಸಣ್ಣ ಸಂಖ್ಯೆಗಳಾದರೆ 13ಕ್ಕೆ ಕಾರಣವಾದ 7ನ್ನು ಯಾವ ಹುಡುಗನಾದರೂ ಹುಡುಕಿಬಿಡುತ್ತಾನೆ, ಅದಕ್ಕಾಗಿ ವ್ಯವಹಾರದಲ್ಲಿ 23ರ ಬದಲು ಆರುನೂರಕ್ಕೂ ಹೆಚ್ಚು ಅಂಕಿಗಳುಳ್ಳ ಅವಿಭಾಜ್ಯ ಸಂಖ್ಯೆಗಳನ್ನು ಬಳಸುತ್ತಾರೆ. ಅಲ್ಲಿ ಶೇಷದಿಂದ ಹಿಂದಕ್ಕೆ ನಡೆದು ಗುಟ್ಟನ್ನು ತಲುಪುವ ದಾರಿ ಇಂದಿನ ಸಾಮಾನ್ಯ ಕಂಪ್ಯೂಟರುಗಳಿಗೆ ಸಿಕ್ಕಿಲ್ಲ.

ಡಬ್ಬಿಯ ನೆಗ್ಗಿನಂಥ ಅಪಾಯ ಇಲ್ಲಿಯೂ ಒಂದಿದೆ. ಅತಿಥಿ ಸೋಮಾರಿತನದಿಂದ ನಾಳೆಯೂ ಅದೇ 5ನ್ನು ನೆನೆದರೆ ನನಗೆ ಮತ್ತೆ 9 ಬರುತ್ತದೆ, ಬಂದೊಡನೆ ನಾನು ಎಚ್ಚತ್ತು 3ರ ಬದಲು 4ನ್ನು ಕೇಳುತ್ತೇನೆ. ಉತ್ತರ 5 ಮತ್ತು 28 ಕೂಡಿ 33, ಅಂದರೆ ಶೇಷ ಸೊನ್ನೆ. ಪ್ರಶ್ನೆ ಒಂದು ಹೆಚ್ಚಿದರೆ ಉತ್ತರ ಗುಟ್ಟಿನಷ್ಟೇ ಹೆಚ್ಚುತ್ತದೆ, ನಿನ್ನೆಯ 4ರಿಂದ ಇಂದಿನ ಸೊನ್ನೆಗೆ, ಎಂದರೆ 11ಕ್ಕೆ, ಬರಲು ಏಳು ಹೆಜ್ಜೆ. ಗುಟ್ಟು ಬಯಲಾಯಿತು. ಇದು ಬಳಸುವವರ ತಪ್ಪು, ವಿಧಾನದ್ದಲ್ಲ. ಅಲ್ಲದೆ ವಿಧಾನವನ್ನು ನಂಬಬಹುದೆಂಬುದಕ್ಕೆ ಆಧಾರವೂ ಇದರಲ್ಲೇ ಇದೆ: ಒಂದೇ 9ಕ್ಕೆ ಎರಡು ಬೇರೆ ಪ್ರಶ್ನೆಗಳಿಗೂ ಸರಿಯುತ್ತರ ಕೊಡಬಲ್ಲವರ ಬಳಿ 7 ಇರಲೇಬೇಕು, ಇಲ್ಲದವರು ಕೊಡಲಾರರು. ಇನ್ನು ನನ್ನ ಪುಸ್ತಕದಲ್ಲಿ ಬರೆದಿಟ್ಟುಕೊಂಡ 9, 3, 4 ಎಂಬ ಮೂರು ಅಂಕಿಗಳು ಕಳ್ಳನಿಗೆ ಸಿಕ್ಕಿದರೂ ಪ್ರಯೋಜನವಿಲ್ಲ. ಮೊದಲು 3 ಮತ್ತು 4ನ್ನು ಇಟ್ಟುಕೊಂಡು ಅವುಗಳಿಗೆ ಹೊಂದುವ 9ನ್ನು ಹಿಂದಿನಿಂದ ಲೆಕ್ಕ ಹಾಕುವುದು ಯಾರಿಗಾದರೂ ಸಾಧ್ಯ. ಮಗನಿಗೆ ಕಳಿಸುವ ಚಿತ್ರದ ಹಾಗೆಯೇ ಇದೂ. ಇಲಿ ತಿಂದರೂ ತಿನ್ನಲಿ.

ಎದುರಿಗೆ ಕೂತು ಪ್ರಶ್ನೆ ಕೇಳುವವರಿಲ್ಲದಿದ್ದಾಗ ಏನು ಮಾಡಬೇಕೆಂಬುದಕ್ಕೆ 1986ರಲ್ಲೇ ಅಮೋಸ್ ಫಿಯಾಟ್ ಮತ್ತು ಆದಿ ಶಮೀರ್ ಉಪಾಯ ಕಂಡುಕೊಂಡರು. ಯಾರೂ ಮೊದಲೇ ಊಹಿಸಲಾಗದಂತೆ ಪ್ರಶ್ನೆಯನ್ನು ಒಂದು ಸೂತ್ರದಿಂದಲೇ ಹುಟ್ಟಿಸುವುದು ಆ ಉಪಾಯ. ಅದೇ ವರ್ಷ ಗೋಲ್ಡ್‌ರೈಖ್, ಮಿಕಾಲಿ ಮತ್ತು ವಿಗ್ಡರ್‌ಸನ್ ತೋರಿಸಿದ್ದು ಇನ್ನೂ ದೊಡ್ಡ ಸಂಗತಿ. ಉತ್ತರವನ್ನು ಕಂಡುಹಿಡಿಯುವುದು ಎಷ್ಟೇ ಕಷ್ಟವಿರಲಿ, ಕೊಟ್ಟ ಉತ್ತರವನ್ನು ಬೇಗನೆ ತಾಳೆ ನೋಡಲು ಸಾಧ್ಯವಿರುವ ಯಾವ ಸಮಸ್ಯೆಗಾದರೂ, ಗೂಢಲಿಪಿಗಳ ಭದ್ರತೆಯ ಬಗೆಗಿನ ರೂಢಿಯ ನಂಬಿಕೆ ನಿಜವಿದ್ದಲ್ಲಿ, ಇಂಥ ಪುರಾವೆ ಕಟ್ಟಬಹುದೆಂದು ಅವರು ಸಾಧಿಸಿದರು. ಸರ್ಕಾರದ ಸಹಿಯುಳ್ಳ ಚೀಟಿ ನನ್ನ ಬಳಿಯಿದೆ, ಅದರಲ್ಲಿರುವ ಹುಟ್ಟಿದ ತಾರೀಖಿನ ಪ್ರಕಾರ ನನಗೆ ಹದಿನೆಂಟು ತುಂಬಿದೆ ಎಂಬ ಹೇಳಿಕೆ ಅಂಥವುಗಳಲ್ಲಿ ಒಂದು. ಆದ್ದರಿಂದ ತಾರೀಖನ್ನು ತೋರಿಸದೆ ವಯಸ್ಸನ್ನು ಸಾಬೀತು ಮಾಡುವುದು ಕನಸಿನ ಮಾತಲ್ಲ. ಗೂಗಲ್ 2025ರಲ್ಲಿ, ಕಾರ್ಡು ಚೀಟಿಗಳನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳುವ ತನ್ನ ‘ವಾಲೆಟ್’ ಎಂಬ ಆ್ಯಪ್‌ಗೆ ಇಂಥ ವಯಸ್ಸಿನ ಪುರಾವೆಯನ್ನು ಅಳವಡಿಸುವುದಾಗಿ ಪ್ರಕಟಿಸಿ, ಅದರ ತಂತ್ರಾಂಶವನ್ನು ಎಲ್ಲರೂ ನೋಡುವಂತೆ ಮುಕ್ತವಾಗಿ ಬಿಡುಗಡೆ ಮಾಡಿದೆ.

ಇದರಿಂದ ಎಲ್ಲ ಕಷ್ಟವೂ ತೀರುತ್ತದೆಂದು ನಾನು ಹೇಳಲಾರೆ. ಮೊಬೈಲಿನಲ್ಲಿರುವ ಗುಟ್ಟು ಮೊಬೈಲಿನ ಯಜಮಾನನದೇ, ಅಣ್ಣನ ಮೊಬೈಲು ತಂದ ತಮ್ಮನದೇ ಎಂಬುದನ್ನು ಲೆಕ್ಕ ಹೇಳುವುದಿಲ್ಲ, ಅದಕ್ಕೆ ಮುಖ ನೋಡುವ ನಾನೇ ಬೇಕು. ಚೀಟಿಯಲ್ಲೇ ತಾರೀಖು ತಪ್ಪಾಗಿ ಬಿದ್ದಿದ್ದರೆ ಪುರಾವೆ ಆ ತಪ್ಪನ್ನೇ ನಿಷ್ಠೆಯಿಂದ ಸಾಬೀತು ಮಾಡುತ್ತದೆ. ಅಪರಾಧವಾದಾಗ ಪೊಲೀಸರಿಗೆ ಹೆಸರು ಬೇಕೇ ಬೇಕು, ವಿದೇಶಿಯರು ತಂಗಿದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ವರದಿ ಸಲ್ಲಿಸಲೇಬೇಕು, ಇವಾವುದಕ್ಕೂ ನನ್ನ ತಕರಾರಿಲ್ಲ. ನಮ್ಮ ಗಿರಿಗಳಿಗೆ ವಾರದ ಕೊನೆಯಲ್ಲಿ ಬರುವ ವಾಹನಗಳ ಸಾಲನ್ನು ನೋಡಿದವರಾರೂ ದಾಖಲೆಯೇ ಬೇಡವೆನ್ನುವುದಿಲ್ಲ. ಪುಸ್ತಕದಲ್ಲಿ ಹೆಸರು, ಊರು, ಫೋನ್ ನಂಬರು ಬರೆಸಿ, ಮೂಲ ಚೀಟಿಯನ್ನು ಕಣ್ಣಿನಿಂದ ನೋಡಿ ಹಿಂದಿರುಗಿಸಿದರೆ ಸಾಲದೇ, ಅದರ ಪಡಿಯಚ್ಚನ್ನು ವರ್ಷಗಟ್ಟಲೆ ನಾನೇಕೆ ಕಾಯಬೇಕು ಎಂಬುದಷ್ಟೇ ನನ್ನ ಪ್ರಶ್ನೆ.

ಕಾನೂನಿನ ಮಾತು ನನ್ನ ಪ್ರಶ್ನೆಯ ಕಡೆಗೇ ವಾಲುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 24 ಆಗಸ್ಟ್ 2017ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಉದ್ದೇಶಕ್ಕೆ ಬೇಕಾದಷ್ಟೇ ಮಾಹಿತಿಗೆ ಒಪ್ಪಿಗೆ ಪಡೆಯಬೇಕೆಂದೂ, ಉದ್ದೇಶ ತೀರಿದ ಮೇಲೆ ಅಳಿಸಬೇಕೆಂದೂ ಹೇಳುತ್ತದೆ. ಆದರೆ ಅದು ಡಿಜಿಟಲ್ ಮಾಹಿತಿಯ ಕಾಯ್ದೆ, ನನ್ನ ಬೀರುವಿನಲ್ಲಿರುವುದು ಕಾಗದ. ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ 2022ರ ಮೇ ತಿಂಗಳಲ್ಲಿ ಝೆರಾಕ್ಸ್ ಪ್ರತಿಯನ್ನು ಸಿಕ್ಕಸಿಕ್ಕಲ್ಲಿ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮರೆಮಾಚಿದ ಆಧಾರ್ ಬಳಸಿ ಎಂದು ಎಚ್ಚರಿಸಿತ್ತು. ತಪ್ಪು ಅರ್ಥಕ್ಕೆ ಎಡೆಯಾಗುವುದೆಂಬ ಕಾರಣಕ್ಕೆ ಆ ಪ್ರಕಟಣೆಯನ್ನು ಎರಡೇ ದಿನದಲ್ಲಿ ಹಿಂತೆಗೆದುಕೊಳ್ಳಲಾಯಿತು. ಮರೆಮಾಚಿದ ಆಧಾರ್ ಇಂದಿಗೂ ಸಿಗುತ್ತದೆ. ನಮ್ಮಲ್ಲಿಗೆ ಬಂದ ಅತಿಥಿಗಳಲ್ಲಿ ಅದನ್ನು ತಂದವರನ್ನು ಬೆರಳೆಣಿಸಿ ಹೇಳಬಹುದು, ಅಂಥವರಲ್ಲಿ ಒಬ್ಬರಿಗೆ ‘ಇದು ನಡೆಯೋದಿಲ್ಲ, ಪೂರ್ತಿ ನಂಬರಿರೋದು ಕೊಡಿ’ ಎಂದು ಹೇಳಿ ಕಳಿಸಿದವನೂ ನಾನೇ ಎಂದು ನಾಚಿಕೆಯಿಂದ ಒಪ್ಪಿಕೊಳ್ಳಬೇಕು.

ಈ ಹಳೆಯ ಕಟ್ಟುಗಳನ್ನು ಏನು ಮಾಡಲಿ ಎಂದು ಕಳೆದ ತಿಂಗಳು ಎರಡು ಕಚೇರಿಗಳಲ್ಲಿ ವಿಚಾರಿಸಿದೆ. ಒಂದು ಕಡೆ ‘ಇರಲಿ ಬಿಡಿ ಸಾರ್, ಯಾವತ್ತಾದ್ರೂ ಬೇಕಾಗ್ತದೆ’ ಎಂದರು. ಇನ್ನೊಂದು ಕಡೆ ಅರ್ಜಿ ಬರೆದುಕೊಡಿ ಎಂದರು, ಅರ್ಜಿಯ ಜೊತೆಗೆ ನನ್ನ ಆಧಾರ್ ಕಾರ್ಡಿನ ಝೆರಾಕ್ಸನ್ನೂ ಲಗತ್ತಿಸಲು ಹೇಳಿದರು. ಕೊಟ್ಟು ಬಂದಿದ್ದೇನೆ, ಉತ್ತರ ಬಂದಿಲ್ಲ. ಹೋಂಸ್ಟೇ ನಡೆಸುವವರು ಅತಿಥಿಗಳ ಗುರುತಿನ ಪ್ರತಿಗಳನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕು, ನೋಡಿ ಹಿಂದಿರುಗಿಸಿದರೆ ಸಾಲುವುದೇ, ಇಟ್ಟುಕೊಂಡವನ್ನು ಯಾರ ಅನುಮತಿ ಪಡೆದು ನಾಶ ಮಾಡಬೇಕು ಎಂಬ ಮೂರು ಪ್ರಶ್ನೆಗಳಿಗೆ ಸಂಬಂಧಪಟ್ಟವರಿಂದ ಉತ್ತರ ಪಡೆದು ತಾವು ಪ್ರಕಟಿಸಿದರೆ ನನ್ನಂಥ ಹಲವರಿಗೆ ಉಪಕಾರವಾಗುತ್ತದೆ. ನಮ್ಮ ಮನೆಯ ಬಚ್ಚಲ ಒಲೆಗೆ ದಿನವೂ ಬೆಳಗಿನ ಐದಕ್ಕೆ ಬೆಂಕಿ ಬೀಳುತ್ತದೆ. ಕಟ್ಟುಗಳನ್ನು ಬಿಚ್ಚಿ, ಪ್ಲಾಸ್ಟಿಕ್ ಕವರುಗಳನ್ನು ಬೇರೆ ಮಾಡಿ, ಕಾಗದವನ್ನೆಲ್ಲ ಒಂದು ಗೋಣಿಚೀಲಕ್ಕೆ ತುಂಬಿಟ್ಟಿದ್ದೇನೆ.

ಇತಿ,
ಒಬ್ಬ ಕಾಫಿ ಬೆಳೆಗಾರ,
ಆಲ್ದೂರು, ಚಿಕ್ಕಮಗಳೂರು ತಾಲ್ಲೂಕು